ಬಿಸಿ ಉರುಳಿಗೆ ತಣ್ಣೀರು ಹಾಕಬೇಡ

ಸತ್ಯವತೀ,

ಹಿತ್ತಾಳೆ ಚೆರಿಗೆಗೆ ಕಲಾಯಿ ಹಾಕಿಸಲಿಕ್ಕೆ ದರ್ಬೆ ಪೇಟೆಗೆ ಹೋಗುತ್ತೇನೆ. ಉಳಿದ ಹಿತ್ತಾಳೆ ಪಾತ್ರೆಗಳಲ್ಲಿ ಹುಳಿ ಮಾಡಬೇಡ, ಕಿಲುಬು ಬಂದೀತು. ನಿನ್ನ ಕಂಚಿನ ಉರುಳಿಯಲ್ಲೇ ಮಾಡು. ಹೌದು, ನಿನ್ನದೇ. ಹತ್ತು ವರ್ಷ ನಾನು ತಿಕ್ಕಿದ್ದನ್ನು ಅತ್ತೆ, ನೀನು ಬಂದ ಮೂರನೇ ತಿಂಗಳಿಗೆ, "ಸಣ್ಣ ಸೊಸೆಗೆ ಇರಲಿ" ಅಂದರಲ್ಲ. ಹೊಟ್ಟೆ ಉರಿಯಲಿಲ್ಲ ಅಂತ ಸುಳ್ಳು ಬರೆಯುವುದಿಲ್ಲ.

ಕಲಾಯಿಯ ಸಾಹುಲ್ ಹಮೀದ್ ಕಳೆದ ಸಲ ಹೇಳಿದ್ದರು: "ಕಂಚಿಗೆ ಎಂತಕ್ಕಮ್ಮಾ ಕಲಾಯಿ? ತಾಮ್ರದೊಟ್ಟಿಗೆ ತವರ ಸೇರಿಸಿಯೇ ಎರೆದದ್ದು. ನಿಮ್ಮ ಹಿತ್ತಾಳೆಯೊಳಗೆ ಇರುವುದು ಸತು, ಅದಕ್ಕೆ ತವರವನ್ನು ಮೇಲಿಂದ ಬಳಿಯಬೇಕು." ಕೇಳಿ ಮತ್ತೂ ಉರಿಯಿತು.

ನಿನ್ನೆ ನೀನು ಬಿಸಿ ಉರುಳಿಯನ್ನು ನೀರಿನ ತೊಟ್ಟಿಯ ಹತ್ತಿರ ತಕ್ಕೊಂಡು ಹೋಗುವುದು ನೋಡಿದೆ. ಹಿತ್ತಾಳೆಯಾದರೆ ತಡಕೊಳ್ಳುತ್ತದೆ, ಕಂಚು ಬಿರಿಯುತ್ತದೆ ಮಾರಾಯ್ತಿ! ಬಿರಿಯಲಿ ಅಂತಲೇ ಸುಮ್ಮನಿದ್ದೆ. ಅದೃಷ್ಟಕ್ಕೆ ಅತ್ತೆ ನಿನ್ನನ್ನು ಕರೆದರು.

ಬೆಳಿಗ್ಗೆ ಉರುಳಿಯನ್ನು ಬೆರಳಲ್ಲಿ ತಟ್ಟಿದೆ. ಆ ದನಿ ನಿಲ್ಲುವವರೆಗೆ ಅಲ್ಲೇ ನಿಂತಿದ್ದೆ.

ಇವತ್ತು ಪೂರ್ತಿ ತಣಿದ ಮೇಲೆ ತೊಳೆ. ಬೇಡ, ಹಾಗೇ ಬಿಡು. ಮಧ್ಯಾಹ್ನ ಬಂದು ನಾನೇ ತಿಕ್ಕುತ್ತೇನೆ. ಅಷ್ಟಾದರೂ ನನ್ನದಿರಲಿ.

ಶಂಕರಿ