ಮಣ್ಣು ರಸ್ತೆಗೆ ಇಳಿಯುವ ಗಾಡಿ

ಮನೆಯಿಂದ,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಗುಂಡನಿಗೆ,

ಪ್ರೀತಿಯ ಎಂದು ಬರೆದದ್ದು ರೂಢಿಯಿಂದ, ಉಬ್ಬಿಹೋಗಬೇಡ. ಮೊದಲು ಕೂತುಕೋ. ನಿಂತಲ್ಲೇ ಮೇಲಿಂದ ಕೆಳಕ್ಕೆ ಕಣ್ಣಾಡಿಸಿ ಜೇಬಿಗೆ ತುರುಕುವ ನಿನ್ನ ಚಾಳಿ ನನಗೆ ಗೊತ್ತಿಲ್ಲದ್ದಲ್ಲ. ಅಜ್ಜಿಯ ಕಾಗದಕ್ಕೆ ನಿನಗೆ ಪುರುಸೊತ್ತಿಲ್ಲ, ಬಾಡಿಗೆ ಕಾರಿನವನ ಕಾಗದವಾದರೆ ಅಕ್ಷರ ಅಕ್ಷರ ಬಿಡಿಸಿ ಓದುತ್ತೀಯ. ಇದನ್ನೂ ಹಾಗೇ ಓದು.

ಆರೋಗ್ಯವಾಗಿದ್ದೀಯಾ? ಸೊಂಟನೋವು ಹೇಗಿದೆ? ದಿನವಿಡೀ ಕುರ್ಚಿಗೆ ಅಂಟಿಕೊಂಡು ಊರವರ ಕರಾರುಪತ್ರಗಳಲ್ಲಿ ತಪ್ಪು ಹುಡುಕುವವನಿಗೆ ಸೊಂಟ ನೋಯದೆ ಮತ್ತೇನಾಗುತ್ತದೆ? ನಡುನಡುವೆ ಎದ್ದು ಓಡಾಡು. ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸ ಬಂದಿದೆ. ಮನೆಯ ತುಂಬಾ ನೀಲಿ ಬಟ್ಟೆಯ ಚೂರು, ಕಾಲಿಟ್ಟಲ್ಲೆಲ್ಲ ದಾರ. ನನ್ನ ಮಂಡಿ ಇದ್ದ ಹಾಗೇ ಇದೆ. ಬಸ್ಸಿನ ಮೆಟ್ಟಿಲು ಹತ್ತುವಂತಿದ್ದರೆ ನಿನಗೆ ಈ ಕಾಗದ ಬರೆಯುವ ದರ್ದು ನನಗಿರುತ್ತಿರಲಿಲ್ಲ.

ಮುಂದಿನ ತಿಂಗಳು ಮತ್ತೆ ಕಾರು ಬಾಡಿಗೆಗೆ ಹಿಡಿದು ಬರುತ್ತೀಯಂತೆ, ನನ್ನನ್ನು ನಿನ್ನ ಚಿಕ್ಕಜ್ಜಿಯ ಹತ್ತಿರ ಕರೆದೊಯ್ಯುತ್ತೀಯಂತೆ. ಈ ಸಲ ಎಲ್ಲ ಸರಿಯಾಗಿ ಮಾಡುತ್ತೇನೆ ಅಂದೆ ಎಂದು ನಿನ್ನ ಅಮ್ಮ ಹೇಳಿದಳು. ಸಂತೋಷ. ಲಕ್ವ ಹೊಡೆದ ಮೇಲೆ ನನ್ನ ತಂಗಿಗೆ ಮಾತು ಹೋಗಿದೆ. ಫೋನು ಕಿವಿಗೆ ಹಿಡಿದರೆ ಬರೀ ಉಸಿರು ಕೇಳುತ್ತದೆ. ಇತ್ತ ನಾನೇ ಮಾತಾಡಿ ನಾನೇ ಹೂಂಗುಟ್ಟಬೇಕು. ಅವಳ ಪಕ್ಕದಲ್ಲಿ ಒಂದು ಹೊತ್ತು ಕೂತು ಕೈ ಹಿಡಿದುಕೊಳ್ಳಬೇಕು, ಇಬ್ಬರಿಗೂ ಜೀವ ಇರುವಾಗಲೇ. ನನಗೆ ಬೇಕಾದದ್ದು ಅಷ್ಟೇ. ಅದಕ್ಕೇ ನಿನಗೆ ಕಾರು ಹಿಡಿಯುವುದು ಹೇಗೆಂದು ಹೇಳಿಕೊಡುತ್ತೇನೆ. ನಾನು ಸ್ಟಿಯರಿಂಗ್ ಮುಟ್ಟಿದವಳಲ್ಲ, ನಿಜ. ಆದರೆ ಹೋದ ಸಲ ನಿನ್ನ ಪಕ್ಕದಲ್ಲೇ ಕೂತಿದ್ದೆನಲ್ಲ, ಕಲಿತಿದ್ದೇನೆ.

ಹೊರಡುವ ಮುಂಚೆ ಡ್ರೈವಿಂಗ್ ಲೈಸೆನ್ಸು ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೋ. ಹೋದ ಸಲ ಅದು ಬೇರೆ ಪ್ಯಾಂಟಿನಲ್ಲಿ ಉಳಿದು, ಅದನ್ನು ತರಲು ನೀನು ವಾಪಸು ಓಡಿ, ನಾನು ಇಲ್ಲಿ ಸೀರೆ ಉಟ್ಟು ಬಾಗಿಲಲ್ಲಿ ಕೂತು ಅರ್ಧ ಬೆಳಗು ಕಳೆಯಿತು. ಗಾಡಿಯನ್ನು ಹಿಂದಿನ ದಿನ ಸಂಜೆಯೇ ತಂದು ಮನೆ ಮುಂದೆ ನಿಲ್ಲಿಸು. ವಾಪಸು ಕೊಡುವುದು ಮಾರನೇ ದಿನ ಎಂದು ಹೇಳು. ಅವತ್ತೇ ಸಂಜೆಯೊಳಗೆ ಎಂದು ಒಪ್ಪಿಕೊಂಡು ಬಂದರೆ ದಾರಿಯುದ್ದಕ್ಕೂ ನಿನ್ನ ಕಣ್ಣು ಗಡಿಯಾರದ ಮೇಲೇ ಇರುತ್ತದೆ. ಸ್ಟೆಪ್ನಿ ಇದೆಯೇ, ಅದರಲ್ಲಿ ಗಾಳಿ ಇದೆಯೇ, ಪೆಟ್ರೋಲು ಎಷ್ಟು ಇದ್ದಾಗ ಕೊಟ್ಟರು, ಎಷ್ಟು ತುಂಬಿಸಿ ಕೊಡಬೇಕು, ಇದನ್ನೆಲ್ಲ ಅಲ್ಲೇ ಕೇಳು. ಸೀಟು ಮಂಡಿಗಿಂತ ಎತ್ತರಕ್ಕೂ ಇರಬಾರದು, ನೆಲಕ್ಕೂ ತಾಗಬಾರದು. ನಾನು ಮೂಟೆಯಲ್ಲ, ಎತ್ತಿ ಹಾಕಿಸಿಕೊಳ್ಳಲಾರೆ.

ಎಲ್ಲಕ್ಕಿಂತ ಮುಖ್ಯ, ಮೊದಲೇ ಗೀರು ಬಿದ್ದಿರುವ ಗಾಡಿಯನ್ನೇ ಕೇಳಿ ತೆಗೆದುಕೋ. ನಗಬೇಡ. ಹೋದ ಸಲ ಹೊಚ್ಚಹೊಸ ಬಿಳಿ ಕಾರು ತಂದು ಏನು ಸುಖ ಕಂಡೆವು? ಸುತ್ತಲೂ ನಿಂತು, ಬಗ್ಗಿ, ಕುಕ್ಕರಗಾಲಲ್ಲಿ ಕೂತು ಫೋಟೋ ತೆಗೆದೆ. ಅದು ಬೇಕಾದ್ದೇ, ನಾಳೆ ಹಳೆಯ ಗೀರನ್ನು ನಿನ್ನ ತಲೆಗೆ ಕಟ್ಟಬಾರದಲ್ಲ. ಆದರೆ ನಿನ್ನ ಮದುವೆಯಲ್ಲೂ ನೀನು ಹೆಂಡತಿಯ ಮುಖವನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಾಣೆ. ಸೀಟಿನ ಪ್ಲಾಸ್ಟಿಕ್ಕು ಕೀಳಬೇಡಿ ಅಂದೆ ನೀನು. ನೀರು ಕುಡಿಯಲು ಹೋದರೆ ಚೆಲ್ಲೀತು, ಇಳಿದು ಕುಡಿಯಿರಿ ಅಂದೆ. ಇಳಿದು ಹತ್ತುವ ಕಷ್ಟಕ್ಕೆ ನಾನು ಬಾಯಿ ಒಣಗಿಸಿಕೊಂಡೇ ಬಂದೆ.

ಅದನ್ನೂ ನುಂಗಿಕೊಂಡೆ. ನುಂಗಲು ಆಗದ್ದು ಒಂದಿದೆ. ದೊಡ್ಡ ರಸ್ತೆಯಿಂದ ಚಿಕ್ಕಜ್ಜಿಯ ಮನೆಗೆ ಮಣ್ಣಿನ ದಾರಿ. ತಿರುವಿನಲ್ಲಿ ನೀನು ಗಾಡಿ ನಿಲ್ಲಿಸಿದೆ. ಏನೋ ಎಂದರೆ ಡ್ಯಾಶ್‌ಬೋರ್ಡಿನಿಂದ ಕರಾರಿನ ಕಾಗದ ತೆಗೆದು ಓದಿ ಹೇಳಿದೆ: "ಅಜ್ಜೀ, ಟಾರು ಇಲ್ಲದ ರಸ್ತೆಗೆ ಇಳಿಸಬಾರದು ಅಂತ ಬರೆದಿದ್ದಾರೆ. ಸೈನ್ ಮಾಡಿದೀನಿ." ಹಾಲಿನ ವ್ಯಾನು ನಮ್ಮ ಪಕ್ಕದಿಂದ ಹಾದು ಅದೇ ದಾರಿಯಲ್ಲಿ ಒಳಗೆ ಹೋಯಿತು, ವಾಪಸೂ ಬಂತು. ನೀನು ಇಳಿಸಲಿಲ್ಲ. ನಾನು ಇಳಿದು ಕೋಲೂರಿ ಬೇಲಿಯ ಕಂಬದವರೆಗೆ ನಡೆದೆ, ಅಲ್ಲಿಗೆ ಮಂಡಿ ಕೈಕೊಟ್ಟಿತು. ನೀನು ಫೋನು ಮಾಡಿದೆ. ಅವಳ ಸೊಸೆ ಅವಳನ್ನು ಕುರ್ಚಿ ಸಮೇತ ಎಳೆದು ಬಾಗಿಲಿಗೆ ತಂದಳು. ಅಷ್ಟು ದೂರಕ್ಕೆ ನನ್ನ ಕಣ್ಣಿಗೆ ಕಂಡದ್ದು ಬರೀ ಒಂದು ಹಳದಿ ಸೀರೆ. ನಾನು ಕೈ ಎತ್ತಿದೆ. ಅವಳೂ ಎತ್ತಿದಳೋ, ಸೊಸೆ ಎತ್ತಿಸಿದಳೋ, ತಿಳಿಯಲಿಲ್ಲ. "ನೋಡಿದ್ರಲ್ಲಾ ಅಜ್ಜಿ, ಹೊರಡೋಣ, ಲೇಟಾದ್ರೆ ಡಿಪಾಸಿಟ್ಟು ಹಿಡ್ಕೋತಾರೆ" ಅಂದೆ ನೀನು. ಗಾಡಿ ತಿರುಗಿಸುವಾಗ ಕನ್ನಡಿಗೆ ಪೊದೆ ತಾಗದ ಹಾಗೆ ಎಷ್ಟು ನಾಜೂಕಾಗಿ ತಿರುಗಿಸಿದೆಯೋ! ಮನೆಗೆ ಬಂದು, ಅಜ್ಜಿಗೆ ತಂಗೀನ ತೋರಿಸಿಕೊಂಡು ಬಂದೆ ಎಂದು ನಿನ್ನ ಅಮ್ಮನ ಮುಂದೆ ಹೇಳಿದ್ದನ್ನೂ ಕೇಳಿಸಿಕೊಂಡೆ. ಅವತ್ತು ನಾನು ಬಾಯಿ ಬಿಟ್ಟಿದ್ದರೆ ನೀನು ಈ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ.

ಆದ್ದರಿಂದ ಈ ಸಲ ದುಡ್ಡು ಕೊಡುವ ಮುಂಚೆ, ಸಹಿ ಹಾಕುವ ಮುಂಚೆ, ಬಾಯಿಬಿಟ್ಟು ಕೇಳು: ಮಣ್ಣು ರಸ್ತೆಗೆ ಇಳಿಸಬಹುದೇ? ಆಗದು ಅಂದರೆ ಬೇರೆ ಅಂಗಡಿಗೆ ಹೋಗು. ಗಾಡಿ ಹಳೆಯದು, ನೆಗ್ಗು ಬಿದ್ದದ್ದು, ಯಾವುದಾದರೂ ಸರಿ.

ಹೆಂಡತಿಗೆ ನನ್ನ ಆಶೀರ್ವಾದ ಹೇಳು. ನಿನಗೂ ಇದೆ, ಇಲ್ಲವೆನ್ನಲಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಬಾಳು.

ಇಂತಿ,
ನಿನ್ನ ಅಜ್ಜಿ

ಮರೆತು ಬಿಟ್ಟದ್ದಲ್ಲ ಇದು, ಬರೆಯಲು ಕೈ ಬರದೆ ಉಳಿಸಿಕೊಂಡದ್ದು. ಬೆಳಿಗ್ಗೆ ಚಿಕ್ಕಜ್ಜಿಯ ಸೊಸೆ ಫೋನು ಮಾಡಿದ್ದಳು. ಅವತ್ತಿನಿಂದ ನನ್ನ ತಂಗಿ ದಿನಾ ಕತ್ತಲಾಗುವವರೆಗೂ ಬಾಗಿಲು ಬಿಟ್ಟು ಒಳಗೆ ಬರುವುದಿಲ್ಲವಂತೆ. ಅವರು ಅವತ್ತೇ ಹೊರಟುಹೋದರು ಎಂದರೆ ತಲೆ ಅಲ್ಲಾಡಿಸಿ ರಸ್ತೆಯ ಕಡೆ ಬೆರಳು ತೋರಿಸುತ್ತಾಳಂತೆ. "ದೊಡ್ಡಮ್ಮಾ, ನೀವು ಗಾಡಿ ನಿಲ್ಲಿಸಿ ಬರೋಕೆ ಹೋಗಿದೀರ ಅಂದ್ಕೊಂಡಿದಾರೆ ಅತ್ತೆ" ಅಂದಳು. ಇನ್ನೊಂದು ಸಲ ಆ ತಿರುವಿನಿಂದಲೇ ವಾಪಸಾಗಲಾರೆ, ಅದಕ್ಕೇ ಹೇಳುತ್ತೇನೆ, ಡ್ರೈವರ್ ಸಮೇತ ಗಾಡಿ ಗೊತ್ತುಮಾಡಿ ಕಳಿಸು. ನೀನು ಬರಬೇಕೆಂದಿಲ್ಲ, ಗಾಡಿ ಬಂದರೆ ಸಾಕು. ಹೊಸ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ.