ಓಡುವ ಮೆಟ್ಟಿಲು ಮುಟ್ಟಿದವಳು

೬-೧೧-೨೦೦೫, ಭಾನುವಾರ. ಕೊಟ್ಟೂರು

ಬೆಳಿಗ್ಗೆ ಐದಕ್ಕೆ ನಲ್ಲಿ ಬಂತು. ಹತ್ತು ಕೊಡ ನಾನೇ ತುಂಬಿದೆ. ಪಂಪಮ್ಮ ಹೊಲಿಯುತ್ತ ಕುಂತವಳು ಏಳಲಿಲ್ಲ. ಈಗ ನನ್ನ ಹೆಂಡತಿ ಕಲಾವಿದೆ! ಹಳೆ ಸೀರೆ ಹರಿದು ಕೌದಿ ಹೊಲಿಯುವುದೂ ಕಲೆಯಂತೆ. ದಿಲ್ಲಿಯ ಮೇಳದಿಂದ ಕರೆ ಬಂದಿದೆ.

ಮಹಿಳಾ ಸಂಘದ ಸುಮಲತಾ ಬಂದಿದ್ದಳು. "ಸರ್, ನೀವೂ ಬರ್ರಿ. ನಮಗ್ಯಾರಿಗೂ ಹಿಂದಿ ಬರಂಗಿಲ್ಲ."

ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವನು ಹೆಂಡತಿಯ ಕೌದಿ ಗಂಟು ಹೊರಲು ಹೋಗಬೇಕು. ಥೂ. ಒಪ್ಪಿಕೊಂಡೆ. ದಿಲ್ಲಿ ನೋಡಿಲ್ಲ ನಾನು.

೯-೧೧. ಗುಂತಕಲ್ಲು, ರೈಲಿನಲ್ಲಿ

ಬಸ್ಸಿನಲ್ಲೇ ಮಾನ ಹೋಯಿತು. ಯಾವ ಮೆಟ್ಟಿಲಾದರೂ ಸರಿ, ಮೊದಲನೆಯದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಪಂಪಮ್ಮ ಹತ್ತುವುದು. ಹಿಂದೆ ಜನ ಕಾಯುತ್ತ ನಿಂತರು. ಕಂಡಕ್ಟರ್, "ಯವ್ವಾ, ಇದು ಗುಡಿ ಅಲ್ಲ, ಹತ್ತಬೇ" ಅಂದ. ರೈಲಿಗೂ ಅದೇ ಪೂಜೆ. ಬೈದೆ.

"ನಮ್ಮನ್ನ ಹೊತ್ಕೊಂಡು ಹೋಗತೈತಿ. ಕಾಲಿಡೋಕ ಮುಂಚೆ ಮುಟ್ಟಿದ್ರ ಏನ್ ಹೋಗತೈತ್ರಿ?" ಅಂದಳು.

ನನ್ನ ಮರ್ಯಾದೆ ಹೋಗುತ್ತದೆ. ಪಕ್ಕದವನು ಸಾಕ್ಸ್ ಬಿಚ್ಚಿದ್ದಾನೆ. ಇನ್ನೂ ಎರಡು ದಿನ ಈ ನಾತ...

೧೨-೧೧. ದಿಲ್ಲಿ

ಚಳಿ. ಚಹಾದ ಮೇಲೆ ಕೆನೆ ತೇಲುತ್ತದೆ, ನೋಡಿದರೆ ಓಕರಿಕೆ. ಸ್ಟಾಲಿನ ಮುಂದೆ ಜನವೋ ಜನ. ಎಲ್ಲರೂ ಪಂಪಮ್ಮನ ಬೆರಳು ನೋಡುವವರೇ. ಒಬ್ಬಳು ಫೋಟೊ ತೆಗೆದಳು, ಬರೀ ಕೈಯದು. ನಾನು ಹಿಂದಿಯಲ್ಲಿ ವಿವರಿಸಹೋದೆ. "ಮದ್ರಾಸಿಯಾ?" ಅಂತ ಕೇಳಿ ಕಿಸಕ್ಕನೆ ನಕ್ಕಳು. ಆಮೇಲೆ ದಿನವಿಡೀ ನಾನು ಹಿಂದೆ ಕುಂತು ಕೌದಿ ಮಡಚಿದೆ.

೧೪-೧೧

ಸುಮಲತಾಗೆ ಹೊಸ ಹುಚ್ಚು. "ನೆಲದ ಕೆಳಗ ರೈಲು ಬಂದೈತಂತ ಸರ್. ಮೆಟ್ಟಿಲು ತಾವೇ ಓಡತಾವಂತ! ನಾಳೆ ನೋಡಿಕೊಂಡು ಬರಾನು."

ಕಾಲಿದ್ದವರಿಗೆ ಓಡುವ ಮೆಟ್ಟಿಲು ಯಾಕೆ? ಸೋಮಾರಿಗಳ ಊರು.

೧೫-೧೧. ಆಸ್ಪತ್ರೆ

ಬಲಗೈ. ಎರಡು ಬೆರಳು.

ಬರೆಯಲಾರೆ.

೨೪-೧೧. ಕೊಟ್ಟೂರು

ಒಂಬತ್ತು ದಿನ ಆಯಿತು. ಬರೆದೇ ಬಿಡುತ್ತೇನೆ.

ಅಲ್ಲಿ ರೈಲಿಗಿಂತ ಮೆಟ್ಟಿಲು ನೋಡಲು ಬಂದವರೇ ಹೆಚ್ಚು. ಸಂಸಾರ ಸಮೇತ ಬಂದು ಹತ್ತುವುದು, ಕಿರುಚುವುದು, ಇಳಿದು ಬಂದು ಮತ್ತೆ ಹತ್ತುವುದು. ಒಬ್ಬ ಹೊಸ ಗೋಡೆಗೆ ಎಲೆಯಡಿಕೆ ಉಗಿದ. ಸುಮಲತಾ ಇನ್ನೂ ಟಿಕೆಟ್ ಸಾಲಿನಲ್ಲಿದ್ದಳು. "ನೋಡಿಕೊಂಡು ಬಾ" ಅಂತ ಪಂಪಮ್ಮನಿಗೆ ಹೇಳಿ ನಾನು ಮುಂದೆ ಹತ್ತಿದೆ.

ನನ್ನ ಪಕ್ಕ ಒಬ್ಬ ಕೋಟು ಹಾಕಿದ ಮನುಷ್ಯ. ಮಾತಿಗೆ ಮಾತು ಬಂತು. "ನಿಮ್ಮ ಹಿಂದಿ ಬಹಳ ಶುದ್ಧ. ಬನಾರಸಿನವರೇ?" ಅಂದ.

"ಹಾಂ ಜೀ" ಅಂದುಬಿಟ್ಟೆ.

ಮೇಲೆ ಹೋಗಿ ನಿಂತು ಮಾತಾಡುತ್ತಿದ್ದೆವು. ಕೆಳಗೆ ನಗು ಎದ್ದಿತು. ಪಂಪಮ್ಮ ಬಗ್ಗಿ ಮೆಟ್ಟಿಲು ಮುಟ್ಟಿದ್ದಾಳೆ. ಅದು ನಿಲ್ಲುತ್ತದೆಯೇ? ಎಳೆಯಿತು. ದೊಪ್ಪನೆ ಬಿದ್ದವಳು ಎದ್ದೇಳಲಾರದೆ, ಅಂಗೈ ಮೆಟ್ಟಿಲಿಗೆ ಊರಿ, ಕುಂತೇ ಮೇಲೆ ಬರುತ್ತಿದ್ದಾಳೆ. "ಎಲ್ಲಿಂದ ಬರುತ್ತಾರೋ ಈ ಗಮಾರರು" ಅಂತ ಆ ಮನುಷ್ಯ ನಕ್ಕ.

ನಾನೂ ನಕ್ಕೆ.

ಮೇಲೆ ಬಂದ ಮೆಟ್ಟಿಲು ಕಬ್ಬಿಣದ ಹಲ್ಲಿನೊಳಗೆ ನುಗ್ಗುತ್ತದೆ. ನನಗೆ ಕಾಣುತ್ತಿತ್ತು. "ಕೈ ತೆಗಿ" — ಅಷ್ಟೇ. ಎರಡು ಮಾತು. ಕನ್ನಡದ್ದು. ಬನಾರಸಿನವನು ಹೇಗೆ ಕೂಗಬೇಕು?

"ರೀ!" ಅಂತ ಕಿರುಚಿದಳು. ಆ ಊರಲ್ಲಿ ರೀ ಅಂದರೆ ಯಾರಿಗೆ ಗೊತ್ತು? ಕಾವಲಿನವನು ಓಡಿಬಂದು ಕೆಂಪು ಗುಂಡಿ ಒತ್ತಿದ. ಮೆಟ್ಟಿಲು ನಿಂತಿತು. ರಕ್ತ.

ಅವನು ಹಿಂದಿಯಲ್ಲಿ ಕೇಳಿದ, ಜೊತೆಗೆ ಯಾರಿದ್ದಾರೆ, ಗಂಡನ ನಾಮ್ ಏನು. ನಾಮ್ ಅಂದರೆ ಹೆಸರು ಅಂತ ಅವಳಿಗೆ ತಿಳಿಯಿತು. ಗಂಡನ ಹೆಸರು ಹೇಳಬಾರದು! ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಶಿವಯೋಗಪ್ಪ ಅಂದವಳಲ್ಲ. ಅಷ್ಟು ನೋವಿನಲ್ಲೂ ಸೆರಗು ಕಚ್ಚಿಕೊಂಡು ತಲೆ ಅಲ್ಲಾಡಿಸಿದಳು. ನಾನು ಕಂಬದ ಪಕ್ಕ ನಿಂತಿದ್ದೆ. ಕೋಟಿನವನು ಹೋಗುವವರೆಗೂ ನಿಂತಿದ್ದೆ. ಆಮೇಲೆ ಈಗ ಬಂದವನ ಹಾಗೆ ಓಡಿ, "ಅಯ್ಯೋ, ಏನಾತು?" ಅಂದೆ.

ಥೂ ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ತೋರುಬೆರಳಿನ ಒಂದು ಗೆಣ್ಣು ಹೋಯಿತು. ನಡುಬೆರಳು ಮಡಚುವುದಿಲ್ಲ. ಇನ್ನು ಆ ಕೈಯಲ್ಲಿ ಸೂಜಿ ನಿಲ್ಲುವುದಿಲ್ಲ ಅಂದರು ಡಾಕ್ಟರು.

೨-೧೨

ನೋಡಲು ಬರುವವರ ಕಾಟ. ಇವತ್ತು ಎದುರುಮನೆ ಕೊಟ್ರಮ್ಮ. ಬಾಳೆಹಣ್ಣು ತಂದು, ತಾನೇ ಎರಡು ತಿಂದು, "ಮೇಷ್ಟ್ರು ಜೋಡಿ ಇದ್ದದ್ದಕ್ಕ ಬಚಾವಾದಿ ನೋಡವ್ವ. ಹಿಂದಿ ಬರತೈತಿ ಅವರಿಗೆ" ಅಂದಳು.

"ಪಾಪ, ಅವರು ಮುಂದ ಹೋಗಿದ್ರು. ಅವರಿಗೆ ಕಾಣ್ಲಿಲ್ಲ" ಅಂದಳು ಪಂಪಮ್ಮ.

ನಿಜವಾಗಿ ಹಾಗೆಂದುಕೊಂಡಿದ್ದಾಳೋ? ಅವಳು ಕಿರುಚಿದಾಗ ನನ್ನ ಕಡೆಗೇ ನೋಡಿದ ಹಾಗಿತ್ತು. ಕ್ಲಾಸಿನಲ್ಲಿ ಇವತ್ತು ಹಿಂದಿ ಪಾಠ ಓದಲು ಬಾಯಿ ತೆರೆದರೆ ನನಗೇ ಹೇಸಿಗೆ. ಓದಿಕೊಳ್ಳಿ ಅಂತ ಹೇಳಿ ಕುಂತುಬಿಟ್ಟೆ.

೧೧-೧೨, ಭಾನುವಾರ. ಸಂಜೆ

ಪಂಪಮ್ಮ ಎಡಗೈಯಲ್ಲಿ ಸೂಜಿ ಹಿಡಿದಳು. ಮೂರು ಸಲ ಚುಚ್ಚಿಕೊಂಡಳು. ಹೊಲಿಗೆ ಸೊಟ್ಟ ಹೋಯಿತು. ಬಿಚ್ಚಿದಳು. ಮತ್ತೆ ಹಾಕಿದಳು. "ದಾರ ಪೋಣಿಸಿ ಕೊಡ್ರಿ" ಅಂದಳು. ಪೋಣಿಸಿ ಕೊಟ್ಟೆ.

ತಲೆ ಎತ್ತದೆ ಕೇಳಿದಳು. ಸಿಟ್ಟಿರಲಿಲ್ಲ. ಪೇಟೆಗೆ ಹೋಗಿ ಏನು ತಂದಿರಿ ಅಂತ ಕೇಳಿದಷ್ಟೇ ಮೆತ್ತಗೆ.

"ಅವತ್ತು ಮ್ಯಾಲೆ ನಿಂತು ನಗಾಕತ್ತಿದ್ರಲ್ರಿ... ಆ ಕೋಟಿನಾತ ಅಂಥದ್ದೇನ್ ಹೇಳಿದ್ದ?"

ಕನ್ನಡಕ ತರುತ್ತೇನೆ ಅಂತ ಎದ್ದು ಒಳಗೆ ಬಂದೆ. ಕನ್ನಡಕ ಮೂಗಿನ ಮೇಲೇ ಇದೆ. ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಅವಳು ಕಾಯುತ್ತ ಕುಂತಿದ್ದಾಳೆ. ಹೋಗಿ ಹೇಳುತ್ತೇನೆ. ಅವನು ನಿನ್ನನ್ನು ನೋಡಿ ಹೇಳಿದ್ದು —