ಪಂಜರದ ಚಪ್ಪಾಳೆ

ಚಿಕ್ಕಪ್ಪನಿಗೆ ನಮಸ್ಕಾರ.

ಇವತ್ತು ಬೆಳಿಗ್ಗೆ ಹಳದಿ ಲವ್‌ಬರ್ಡ್‌ನ ಎದೆಯ ಮೇಲೆ ಅಂಗಿಗುಂಡಿಯಗಲದ ಬೋಳು ಕಂಡಿತು. ಪುಕ್ಕ ಉದುರಿದ್ದಲ್ಲ, ಹಕ್ಕಿ ತಾನೇ ಕಿತ್ತುಕೊಂಡದ್ದು. ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಒಂದೇ ಮನೆಯಲ್ಲಿದ್ದೂ ಈ ಪತ್ರ.

ಸಂಘದ ಅಧ್ಯಕ್ಷರಾದ ಮೇಲೆ ನೀವು ಭಾಷಣದ ತಾಲೀಮನ್ನು ಪಂಜರದ ಮುಂದೆಯೇ ನಡೆಸುತ್ತೀರಿ, ಅದೂ ಮೈಕ್ ಹಿಡಿದು. ನಿಮ್ಮ ದನಿ ಏರಿ ಹಕ್ಕಿಗಳು ರೆಕ್ಕೆ ಬಡಿದರೆ, "ನೋಡೇ, ಇವೂ ಚಪ್ಪಾಳೆ ಹೊಡೀತಾವೆ!" ಎಂದು ಚಿಕ್ಕಮ್ಮನನ್ನು ಕೂಗುತ್ತೀರಿ. ಮೊನ್ನೆ ಅವರು, "ಹೌದ್ರೀ, ಪಾಪ, ಎದ್ದು ಹೋಗೋಕೆ ಅವಕ್ಕೆ ಬಾಗಿಲಿಲ್ವಲ್ಲ" ಎಂದರು. ಅದನ್ನೂ ನೀವು ಹೊಗಳಿಕೆ ಎಂದುಕೊಂಡಿರಿ.

ಅದು ಚಪ್ಪಾಳೆಯಲ್ಲ ಚಿಕ್ಕಪ್ಪ, ಭಯ. ಪಂಜರವನ್ನು ಹಿಂದಿನ ಕೋಣೆಯ ಗೋಡೆಗೆ ಒತ್ತಿಡಬೇಕು, ಮೂರು ಬದಿಗೆ ಬಟ್ಟೆ ಹೊದಿಸಬೇಕು, ಗದ್ದಲ ನಿಲ್ಲಬೇಕು, ಇಲ್ಲದಿದ್ದರೆ ಹಳದಿ ಹಕ್ಕಿ ಉಳಿಯುವುದಿಲ್ಲ ಎಂದಿದ್ದಾರೆ ಮಧ್ಯಾಹ್ನ ಹಕ್ಕಿಯನ್ನು ನೋಡಿದ ಡಾಕ್ಟರು. ಮೊದಲೆರಡನ್ನು ಮಾಡಿದ್ದೇನೆ. ಸಭಿಕರು ಕಡಿಮೆಯಾದರೆಂದು ದಯವಿಟ್ಟು ಪಂಜರವನ್ನು ಮತ್ತೆ ಹಾಲ್‌ಗೆ ತರಬೇಡಿ.

ಮೂರನೆಯದು ನಿಮ್ಮ ಕೈಯಲ್ಲಿದೆ ಎಂದುಕೊಂಡಿದ್ದೆ. ಯೋಚಿಸಿದರೆ ನನ್ನ ಕೈಯಲ್ಲೂ ಇದೆ. "ಸಾಹಿತ್ಯ ಓದಿದ್ದು ಇನ್ಯಾತಕ್ಕೆ ಬರುತ್ತೆ?" ಎಂದು ನೀವು ಬರೆಸಿಕೊಂಡ ಭಾಷಣಗಳೆಲ್ಲ ನನ್ನವೇ. ಆ ಹಕ್ಕಿ ಹೆದರಿದ್ದು ನನ್ನ ವಾಕ್ಯಗಳಿಗೂ ಹೌದು.

ಭಾನುವಾರದ ಭಾಷಣಕ್ಕೆಂದು ನೀವು ಕೊಟ್ಟ ಹಾಳೆಗಳಲ್ಲಿ ಒಂದನ್ನು ಈ ಪತ್ರಕ್ಕೆ ಬಳಸಿದ್ದೇನೆ. ಉಳಿದವನ್ನು ಖಾಲಿಯಾಗಿಯೇ ನಿಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ. ಇನ್ನು ನಾನು ಬರೆದುಕೊಡುವುದಿಲ್ಲ.

ಇಂತಿ,
ನಿಮ್ಮ ಅಣ್ಣನ ಮಗಳು